ನಾಲ್ಕು ಬಾಗಿಲಿನ ಕೂಪೆ ಮಂಡೂಕಗಳು

'ಫೇಸ್‌ಲಿಫ್ಟ್' ಎಂಬ ಶಬ್ದ ಮೊದಲು ಸಿನಿಮಾ ಪತ್ರಿಕೆಗಳಲ್ಲಿ ಮಾತ್ರ ಕಾಣಿಸುತ್ತಿತ್ತು. ವಯಸ್ಸಾದ ನಟಿಯರು ಪರದೇಶಕ್ಕೆ ಹೋಗಿ ಮುಖದ ಸುಕ್ಕನ್ನು ಎಳೆಸಿಕೊಂಡು ಬಂದರೆಂದು ಓದಿ ನಾವು ನಗುತ್ತಿದ್ದೆವು. ಈಗ ಅದೇ ಶಬ್ದ ನಮ್ಮ ಮುಂಬಯಿ ಕನ್ನಡಿಗರ ಮನೆಗಳ ಊಟದ ಪಂಕ್ತಿಗೂ ಬಂದು ಕೂತಿದೆ. ಸುಕ್ಕು ಎಳೆಸಿಕೊಳ್ಳುತ್ತಿರುವುದು ಮೋಟಾರು ಕಾರು. ಅದೇ ಚಾಸಿ, ಅದೇ ಬಾಗಿಲು, ಬಹುತೇಕ ಅದೇ ಇಂಜಿನು. ಮುಂದಿನ ಜಾಲರಿ ಬದಲು, ದೀಪ ಬದಲು, ಬಂಪರು ಬದಲು, ಒಳಗಿನ ಪರದೆ ಎರಡು ಅಂಗುಲ ದೊಡ್ಡದು, ಬೆಲೆ ಎರಡೋ ನಾಲ್ಕೋ ಲಕ್ಷ ಜಾಸ್ತಿ. ನಮ್ಮ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ಹಳೆಯ ಕಡತಕ್ಕೆ ಹೊಸ ರಟ್ಟು. ಒಳಗಿನ ಟಿಪ್ಪಣಿಗಳೆಲ್ಲ ಹಳೆಯವೇ. ಆದರೆ ರಟ್ಟು ಗರಿಗರಿಯಾಗಿರುವುದರಿಂದ ಸಾಹೇಬರು ಅದನ್ನು ಮೇಲೆ ಇಟ್ಟುಕೊಳ್ಳುತ್ತಾರೆ.

ಇದಿಷ್ಟೇ ಆಗಿದ್ದರೆ ನಾನು ಪೆನ್ನು ಎತ್ತಿಕೊಳ್ಳುತ್ತಿರಲಿಲ್ಲ. ಹಣವಿದ್ದವರು ರಟ್ಟು ಬದಲಿಸಿಕೊಳ್ಳಲಿ. ನನ್ನ ತಕರಾರು ಇರುವುದು ಈ ಮುಖಸಿಂಗಾರ ಯಾವ ಜಾತಿಯ ಕಾರಿಗೆ ಹೆಚ್ಚಾಗಿ ಒಲಿದಿದೆಯೋ ಅದರ ಮೇಲೆ, ಎಂದರೆ 'ನಾಲ್ಕು ಬಾಗಿಲಿನ ಕೂಪೆ' ಎಂದು ಕರೆಸಿಕೊಳ್ಳುವ, ಬೆನ್ನು ಇಳಿಜಾರಾದ ಸೆಡಾನಿನ ಮೇಲೆ. ಇಪ್ಪತ್ತು ವರ್ಷಗಳಲ್ಲಿ ಇದರ ಮುಖವನ್ನು ಎಷ್ಟೋ ಸಲ ಎತ್ತಿದರು. ಹಿಂದಿನ ಸೀಟಿನವನ ತಲೆಯ ಮೇಲಿನ ಸೂರನ್ನು ಎತ್ತಬೇಕೆಂದು ಮುಖ ಎತ್ತುವವರಿಗೆ ಒಮ್ಮೆಯೂ ತೋಚಲಿಲ್ಲ.

"ನಿಮಗೆ ಕಾರೇ ಇಲ್ಲ, ನಿಮಗೇಕೆ ಈ ಉಸಾಬರಿ?" ಎಂದು ಕೇಳುವ ಮಿತ್ರರಿದ್ದಾರೆ. ನಿಜ. ನಾನು ಕೇಂದ್ರ ಸರಕಾರದ ಗುಮಾಸ್ತ, ಲೋಕಲ್ ಗಾಡಿಯ ಪಾಸಿನವ. ನಮ್ಮಂಥವರಿಗೆ ಮೊದಲು ಮೋಟಾರು ಕಾರಿನ ಮುಂಗಡವೆಂಬುದೊಂದು ಇತ್ತು; ಏಳನೆಯ ವೇತನ ಆಯೋಗದ ಬಳಿಕ ಅದೂ ಹೋಯಿತು. ಆದರೆ ಕಾರಿಲ್ಲದವನು ಒಂದು ವಿಷಯದಲ್ಲಿ ಪಂಡಿತನಾಗಿರುತ್ತಾನೆ: ಅವನು ಜೀವಮಾನವಿಡೀ ಇತರರ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತಿರುತ್ತಾನೆ. ಕಚೇರಿಯ ಬಿಳಿ ಅಂಬಾಸಿಡರು, ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿ, ಬೀಗರ ಮಾರುತಿ, ಈಗ ನೆಂಟರಿಷ್ಟರ ಜರ್ಮನ್ ಕಾರು, ಎಲ್ಲದರ ಹಿಂದಿನ ಸೀಟಿನ ಅನುಭವ ನನಗುಂಟು. ಸ್ಟಿಯರಿಂಗ್ ಹಿಡಿದವರು ಬರೆದುದನ್ನೇ ಇಷ್ಟು ದಿನ ಓದಿದ್ದೇವೆ. ಹಿಂದೆ ಕೂತವನ ಅಹವಾಲನ್ನೂ ಓದುಗರು ಒಮ್ಮೆ ಕೇಳಬೇಕು.

ಮೊದಲು ಹೆಸರಿನ ವಿಚಾರ. 'ಕೂಪೆ' ಫ್ರೆಂಚ್ ಮಾತು, 'ಕತ್ತರಿಸಿದ್ದು' ಎಂದರ್ಥ. ಎದುರುಬದುರು ಸೀಟುಗಳಿದ್ದ ಕುದುರೆ ಸಾರೋಟಿನಲ್ಲಿ ಒಂದು ಪಾಲನ್ನು ಕತ್ತರಿಸಿ ಹಾಕಿ, ಇಬ್ಬರು ಮುಂದೆ ಮುಖ ಮಾಡಿ ಕೂರುವಷ್ಟು ಉಳಿಸಿದರೆ ಅದು ಕೂಪೆ. ನಮ್ಮ ರೈಲ್ವೆಯವರು ಈ ಶಬ್ದವನ್ನು ಇಂದಿಗೂ ಪ್ರಾಮಾಣಿಕವಾಗಿ ಬಳಸುತ್ತಾರೆ: ಒಂದನೆಯ ದರ್ಜೆಯಲ್ಲಿ ನಾಲ್ವರ ಕೋಣೆ ಕ್ಯಾಬಿನು, ಇಬ್ಬರದು ಕೂಪೆ. ಕೂಪೆಯ ಟಿಕೀಟು ಕೊಟ್ಟು ಅದರಲ್ಲಿ ನಾಲ್ವರನ್ನು ತುಂಬಿದರೆ ಟಿ.ಸಿ.ಯ ಕೊರಳಪಟ್ಟಿಗೆ ಕೈ ಹೋಗುತ್ತದೆ. ಕಾರಿನಲ್ಲಿಯೂ ಹಾಗೆಯೇ ಇತ್ತು. ಎರಡು ಬಾಗಿಲು, ಮುಂದೆ ಇಬ್ಬರು ಆರಾಮ, ಹಿಂದೆ ಸೀಟಿದ್ದರೂ ಅದು ಚೀಲಕ್ಕೋ ಚಿಕ್ಕ ಮಗುವಿಗೋ ಎಂದು ಕೊಳ್ಳುವವನಿಗೆ ಗೊತ್ತಿರುತ್ತಿತ್ತು. ಅದರಲ್ಲಿ ಮೋಸವೇನೂ ಇರಲಿಲ್ಲ.

ನಾಲ್ಕು ಬಾಗಿಲನ್ನೂ ಇಟ್ಟು ಕೂಪೆ ಎಂದು ಕರೆದ ಮೊದಲಿಗರಲ್ಲಿ ಇಂಗ್ಲೆಂಡಿನ ರೋವರ್ ಕಂಪೆನಿಯದು ಒಂದು ಹೆಸರು. 1962ರಲ್ಲಿ ತಮ್ಮ ಗಂಭೀರವಾದ ದೊಡ್ಡ ಕಾರಿನ ಸೂರನ್ನು ತಗ್ಗಿಸಿ ಅವರು ಹಾಗೆ ಮಾರಿದರು. ಅದನ್ನು ದೊಡ್ಡ ವ್ಯಾಪಾರವಾಗಿಸಿದವರು ಜರ್ಮನಿಯ ಮರ್ಸಿಡಿಸ್-ಬೆಂಜ್‌ನವರು. 2003ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಮಾದರಿ ತೋರಿಸಿ, 2004ರಲ್ಲಿ ಮಾರಾಟಕ್ಕೆ ಬಿಟ್ಟ ಸಿ.ಎಲ್.ಎಸ್. ಎಂಬ ಕಾರು ಅದು. ತಮ್ಮದೇ ಇ-ಕ್ಲಾಸ್ ಸೆಡಾನಿನ ಅಡಿಪಾಯದ ಮೇಲೆ ಅದನ್ನು ಕಟ್ಟಿದರು, ಸೂರನ್ನು ಐದಾರು ಸೆಂಟಿಮೀಟರು ತಗ್ಗಿಸಿದರು, ಕಿಟಕಿಯ ಗಾಜಿನ ಸುತ್ತಲ ಚೌಕಟ್ಟು ತೆಗೆದರು, ಹಿಂದೆ ಮೂವರು ಕೂರುವ ಸೀಟಿನ ನಡುವೆ ಒಂದು ದಿಂಡು ಇಟ್ಟು ಇಬ್ಬರಿಗೆ ಇಳಿಸಿದರು. ಜಾಗ ಕಡಿಮೆ ಕೊಟ್ಟು ಇ-ಕ್ಲಾಸಿಗಿಂತ ಹೆಚ್ಚು ಹಣ ಕೇಳಿದರು. ಜನ ಕೊಟ್ಟರು! ವ್ಯಾಪಾರದ ಇತಿಹಾಸದಲ್ಲಿ ಇದೊಂದು ಮೆಚ್ಚತಕ್ಕ ಸಾಧನೆಯೆಂದು ಒಪ್ಪಲೇಬೇಕು. ಬಳಿಕ ಫೋಕ್ಸ್‌ವ್ಯಾಗನ್, ಪೋರ್ಷೆ, ಆಡಿ, ಬಿ.ಎಂ.ಡಬ್ಲ್ಯು. ಎಲ್ಲರೂ ಇದೇ ದಾರಿ ಹಿಡಿದರು.

ಇನ್ನು ಮುಖ ಎತ್ತಿದ ಕಥೆ. ಸಿ.ಎಲ್.ಎಸ್. ಮೂರು ತಲೆಮಾರು ಬಾಳಿತು. ಮೂರಕ್ಕೂ ಒಂದೊಂದು ಫೇಸ್‌ಲಿಫ್ಟ್ ಆಯಿತು. ಮೊದಲನೆಯದು 2008ರಲ್ಲಿ. ಮುಂದಿನ ಜಾಲರಿಯಲ್ಲಿ ನಾಲ್ಕು ಅಡ್ಡ ಪಟ್ಟಿಗಳಿದ್ದುವು, ಎರಡು ಮಾಡಿದರು. ಹಿಂದಿನ ದೀಪ, ಪಕ್ಕದ ಕನ್ನಡಿ, ಹೊಗೆ ಕೊಳವೆಯ ಬಾಯಿ ಬದಲಾದವು. ನಾಲ್ಕು ಪಟ್ಟಿಗಳಲ್ಲಿ ಎರಡನ್ನು ಕಳೆದಿದ್ದಕ್ಕೆ ಬೆಲೆಯೂ ಅರ್ಧ ಇಳಿಯಿತೆಂದು ಯಾರೂ ಭಾವಿಸಬಾರದು.

ಎರಡನೆಯದು 2014ರ ಜೂನಿನಲ್ಲಿ, ಇಂಗ್ಲೆಂಡಿನ ಗುಡ್‌ವುಡ್ ಮೇಳದಲ್ಲಿ. ಈ ಸಲ ಜಾಲರಿಗೆ ವಜ್ರದ ಹರಳಿನಂಥ ಚುಕ್ಕಿಗಳು ಬಂದವು, ಒಳಗೆ ಎಂಟು ಅಂಗುಲದ ಪರದೆ ಎದ್ದು ನಿಂತಿತು, ಕೆಲವು ಇಂಜಿನುಗಳಿಗೆ ಒಂಬತ್ತು ಗೇರಿನ ಪೆಟ್ಟಿಗೆ ಬಂತು. ಸಯನ್‌ನಿಂದ ಕುರ್ಲಾಕ್ಕೆ ಸಂಜೆ ಆರರ ಹೊತ್ತಿಗೆ ಹೊರಟವರು ಮೂರನೆಯ ಗೇರಿನ ಮೇಲಿನದನ್ನು ಕಂಡರೆ ಪುಣ್ಯವಂತರು, ಅದಿರಲಿ. ಇದೇ ಮುಖದ ಕಾರು 2015ರ ಮಾರ್ಚಿನಲ್ಲಿ ನಮ್ಮ ದೇಶಕ್ಕೂ ಬಂತು. ಬೆಲೆ ದಿಲ್ಲಿಯ ಅಂಗಡಿಯಲ್ಲಿ ಸುಮಾರು 76 ಲಕ್ಷ, ಸುಂಕ ವಿಮೆಗಳ ಹೊರತು. ಉದ್ದ ಐದು ಮೀಟರಿಗೆ ಒಂದು ಗೇಣು ಕೂಡ ಕಡಿಮೆಯಿಲ್ಲ. ಕೂರುವವರು ನಾಲ್ವರು.

ಮೂರನೆಯದು 2021ರಲ್ಲಿ. ಜಾಲರಿಯ ತುಂಬ ಕಂಪೆನಿಯ ನಕ್ಷತ್ರದ ಗುರುತನ್ನು ಅಕ್ಷತೆ ಚೆಲ್ಲಿದಂತೆ ಹರಡಿದರು. ಹೊಸ ಸ್ಟಿಯರಿಂಗ್ ಚಕ್ರ ಬಂತು. ಚಾಲಕನ ಕೈ ಚಕ್ರದ ಮೇಲಿದೆಯೋ ಇಲ್ಲವೋ ಎಂಬುದನ್ನು ಅದು ಮುಟ್ಟಿನಿಂದಲೇ ತಿಳಿಯುತ್ತದಂತೆ. ಗುಂಡಿ ಒತ್ತುವ ಬದಲು ಬೆರಳು ಸವರಬೇಕು. ಹಿಂದಿನ ಸೀಟಿನಲ್ಲಿ ಕೂತವನ ತಲೆ ಸೂರಿಗೆ ತಾಗಿದೆಯೋ ಇಲ್ಲವೋ ಎಂದು ತಿಳಿಯುವ ಯಂತ್ರವನ್ನು ಆ ಸಲವೂ ಇಟ್ಟ ಹಾಗೆ ಕಾಣಲಿಲ್ಲ.

ನ್ಯಾಯಕ್ಕೆ ಹೇಳಬೇಕಾದ ಮಾತೂ ಇದೆ. 2014ರ ಆ ಮುಖಸಿಂಗಾರದಲ್ಲಿ ಒಂದು ವಸ್ತು ನಿಜವಾಗಿಯೂ ಹಿರಿದಾದದ್ದು: ಅದರ ದೀಪ. ಒಂದೊಂದು ದೀಪದೊಳಗೂ 24 ಸಣ್ಣ ಎಲ್.ಇ.ಡಿ.ಗಳು, ಗಾಜಿನ ಹಿಂದೆ ಕ್ಯಾಮೆರಾ. ಎದುರಿನಿಂದ ವಾಹನ ಬರುವುದನ್ನು ಕ್ಯಾಮೆರಾ ಕಂಡು, ಸೆಕೆಂಡಿಗೆ ನೂರು ಸಲ ಲೆಕ್ಕ ಹಾಕಿ, ಎದುರಿನವನ ಕಣ್ಣಿಗೆ ಬೀಳುವ ಕಿರಣವನ್ನಷ್ಟೆ ಆರಿಸುತ್ತದೆ. ಉಳಿದ ದಾರಿಗೆ ಪೂರ್ತಿ ಬೆಳಕು. ರಾತ್ರಿ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಲಾರಿಗಳ ಬೆಳಕಿಗೆ ಕಣ್ಣು ಕತ್ತಲಿಟ್ಟುಕೊಂಡು ಬಂದವರಿಗೆ ಇದರ ಬೆಲೆ ಗೊತ್ತು. ಭೌತಶಾಸ್ತ್ರ ಓದಿದವನಾಗಿ ನಾನು ಅದಕ್ಕೆ ಕೈ ಮುಗಿಯುತ್ತೇನೆ. ಆದರೆ ಅಂಥ ದೀಪ ಜಾಲರಿಯ ವಜ್ರ ಚುಕ್ಕಿಯ ಜೊತೆ ಒಂದೇ ಪಟ್ಟಿಯಲ್ಲಿ, ಒಂದೇ ಗಾತ್ರದ ಅಕ್ಷರದಲ್ಲಿ ಬರಬೇಕೆ? ನಮ್ಮ ಕಡೆ ಹೋಟೆಲಿನ ಪಟ್ಟಿಯಲ್ಲಿ ಊಟವನ್ನೂ ಬೀಡಾವನ್ನೂ ಒಟ್ಟಿಗೆ ಬರೆದರೂ ಯಾವುದು ಹೊಟ್ಟೆ ತುಂಬಿಸುತ್ತದೆಂದು ಎಲ್ಲರಿಗೂ ಗೊತ್ತಿರುತ್ತದೆ. ಕಾರಿನ 'ಫೀಚರು'ಗಳ ಪಟ್ಟಿಯಲ್ಲಿ ಅದು ಗೊತ್ತಾಗುವುದಿಲ್ಲ. ಗೊತ್ತಾಗಬಾರದೆಂದೇ ಆ ಪಟ್ಟಿ ಬರೆದಿರುತ್ತಾರೆ.

ಹಿಂದೆ ಒಳ್ಳೆಯ ವಸ್ತು ಬಂದಾಗ ಅದಕ್ಕೆ ಮುಖವಾಡ ಬೇಕಿರಲಿಲ್ಲ. 1912ರ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ವಿದ್ಯುತ್ ಸ್ಟಾರ್ಟರು ಕೂಡಿಸಿಕೊಟ್ಟ. ಕಬ್ಬಿಣದ ಹಿಡಿಕೆ ತಿರುವಿ ಕೈ ಮುರಿದುಕೊಳ್ಳುವುದು ಕ್ರಮೇಣ ತಪ್ಪಿತು. 1959ರಲ್ಲಿ ವೋಲ್ವೊ ಕಂಪೆನಿಯ ನಿಲ್ಸ್ ಬೊಲಿನ್ ಮೂರು ಬಿಂದುಗಳ ಬೆಲ್ಟನ್ನು ಕಂಡುಹಿಡಿದ. ಕಂಪೆನಿ ಆ ಪೇಟೆಂಟನ್ನು ಇತರರಿಗೂ ಬಿಟ್ಟುಕೊಟ್ಟಿತು. ಜಗತ್ತಿನಲ್ಲಿ ಎಷ್ಟು ತಾಯಂದಿರ ಮಕ್ಕಳು ಆ ಪಟ್ಟಿಯಿಂದ ಬದುಕಿದ್ದಾರೋ! ಇದೇ ಮರ್ಸಿಡಿಸ್‌ನವರೂ ಹಿಂದೆ ಬಿದ್ದವರಲ್ಲ. ಬ್ರೇಕು ಒತ್ತಿದಾಗ ಚಕ್ರ ಬಿಗಿದು ಜಾರದಂತೆ ನೋಡಿಕೊಳ್ಳುವ ಎ.ಬಿ.ಎಸ್. ಏರ್ಪಾಡನ್ನು ಬಾಷ್ ಕಂಪೆನಿಯೊಡನೆ ಸೇರಿ 1978ರಲ್ಲಿ ತಮ್ಮ ಎಸ್-ಕ್ಲಾಸಿಗೆ ತಂದರು. ನಮ್ಮ ದೇಶದಲ್ಲಿ ಅದು ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದದ್ದು 2019ರಲ್ಲಿ, ನಾಲ್ವತ್ತೊಂದು ವರ್ಷ ಕಳೆದು. ಆ ನಾಲ್ವತ್ತೊಂದು ವರ್ಷಗಳಲ್ಲಿ ನಮ್ಮ ಕಾರುಗಳ ಜಾಲರಿ ಮಾತ್ರ ಎಷ್ಟು ಸಲ ಬದಲಾಗಿಲ್ಲ?

ಅಂಬಾಸಿಡರನ್ನೇ ನೋಡಿ. ಮಾರಿಸ್ ಆಕ್ಸ್‌ಫರ್ಡ್ ಎಂಬ ಇಂಗ್ಲಿಷ್ ಕಾರಿನ ಅಚ್ಚಿನಲ್ಲಿ 1950ರ ದಶಕದ ಕೊನೆಗೆ ಹುಟ್ಟಿ, ಮಾರ್ಕ್ ಎರಡು, ಮೂರು, ನಾಲ್ಕು, ನೋವಾ ಎಂದು ಮುಖ ಬದಲಿಸುತ್ತ 2014ರಲ್ಲಿ ಉತ್ತರಪಾರಾದಲ್ಲಿ ಕಣ್ಣು ಮುಚ್ಚಿತು. ಪ್ರತಿ ಸಲವೂ ಮುಖ್ಯವಾಗಿ ಬದಲಾದದ್ದು ಮುಂದಿನ ಜಾಲರಿ. ಆಗ ನಮ್ಮ ವಿದ್ಯಾವಂತರು ಅದನ್ನು ಎಷ್ಟು ಹಾಸ್ಯ ಮಾಡಿದರು! ಲೈಸೆನ್ಸ್ ರಾಜ್ಯದ ಫಲ, ಸ್ಪರ್ಧೆಯಿಲ್ಲದ ಸೋಮಾರಿತನ, ಹಳೆಯ ಕಾರಿಗೆ ಹೊಸ ಹಲ್ಲು, ಏನೇನೋ. ಹಾಸ್ಯ ಸರಿಯೇ ಇತ್ತು. ಅದೇ ಕೆಲಸ ಸ್ಟುಟ್‌ಗಾರ್ಟಿನಲ್ಲಿ ನಡೆದಾಗ ಅದೇ ವಿದ್ಯಾವಂತರ ಮಕ್ಕಳು ಅಂಗಡಿಯ ಗಾಜಿಗೆ ಮೂಗು ಒತ್ತಿ ನಿಲ್ಲುವುದೇಕೆ? ಹಲ್ಲು ಬದಲಿಸಿದರೂ ಅಂಬಾಸಿಡರು ಹಿಂದೆ ಕೂತವನ ತಲೆಗೆ ಕೈ ಹಾಕಲಿಲ್ಲ. ಅದರ ಎತ್ತರ ಸುಮಾರು 1.6 ಮೀಟರು, ಸಿ.ಎಲ್.ಎಸ್. ಸುಮಾರು 1.42. ನೆಲದಿಂದ ಮೇಲೆ ನಿಲ್ಲುವ ಎತ್ತರವೂ ಆ ಲೆಕ್ಕದಲ್ಲಿ ಸೇರಿದೆ, ಒಪ್ಪಿದೆ. ಆದರೂ ಧಾರವಾಡದ ರುಮಾಲು ಸುತ್ತಿದ ಯಜಮಾನರು ಅಂಬಾಸಿಡರಿನ ಹಿಂದಿನ ಸೀಟಿನಲ್ಲಿ ರುಮಾಲು ತೆಗೆಯದೆ ಕೂತು ಹೋಗುತ್ತಿದ್ದರು. ನಾಲ್ಕು ಮೀಟರು ಉದ್ದವಿಲ್ಲದ ನಮ್ಮ ಪದ್ಮಿನಿ ಟ್ಯಾಕ್ಸಿ ಕೂಡ ಎತ್ತರದಲ್ಲಿ ಈ ಐದು ಮೀಟರಿನ ಸುಂದರಾಂಗನಿಗಿಂತ ಒಂದು ಕೈ ಮೇಲು. ಕುರ್ಲಾದಲ್ಲಿ ತಯಾರಾದ ಆ ಬಡ ಗಾಡಿ 2023ರ ಅಕ್ಟೋಬರಿನಲ್ಲಿ ಮುಂಬಯಿಯ ಟ್ಯಾಕ್ಸಿ ಸಾಲಿನಿಂದ ಕೊನೆಗೂ ನಿವೃತ್ತವಾಯಿತು.

ಮುಖ ಬದಲಿಸುವ ವಿದ್ಯೆ ಎಲ್ಲಿಂದ ಬಂತು? ಅಮೆರಿಕದ ಜನರಲ್ ಮೋಟರ್ಸ್‌ನಿಂದ. ಅದರ ಯಜಮಾನ ಆಲ್ಫ್ರೆಡ್ ಸ್ಲೋನ್ 1927ರಲ್ಲಿ ಹಾರ್ಲಿ ಅರ್ಲ್ ಎಂಬ ಕಲಾವಿದನನ್ನು ಕೂರಿಸಿ 'ಕಲೆ ಮತ್ತು ಬಣ್ಣ' ವಿಭಾಗವೊಂದನ್ನೇ ತೆರೆದ. ವರ್ಷವರ್ಷವೂ ರೂಪ ಬದಲಿಸುವುದು ಕಂಪೆನಿಯ ನೀತಿಯಾಯಿತು. ಹೋದ ವರ್ಷದ ಕಾರು ಕೆಡದಿದ್ದರೂ ಹಳೆಯದೆನಿಸಬೇಕು, ಅದರ ಒಡೆಯನಿಗೆ ನಾಲ್ಕು ಜನರ ಮುಂದೆ ನಾಚಿಕೆಯಾಗಬೇಕು. ಮೇಲೆ ಹೇಳಿದ ಕೆಟರಿಂಗ್ ಮಹಾಶಯನೇ, ಸ್ಟಾರ್ಟರು ಕೊಟ್ಟ ಪುಣ್ಯಾತ್ಮನೇ, ಗ್ರಾಹಕನನ್ನು ಅತೃಪ್ತನಾಗಿಡಿ ಎಂಬ ಅರ್ಥದ ತಲೆಬರಹ ಹಾಕಿ 1929ರಲ್ಲಿ ಒಂದು ಲೇಖನ ಬರೆದ. ಗುಟ್ಟಾಗಿ ಬರೆದದ್ದಲ್ಲ, ವ್ಯಾಪಾರಿಗಳ ಪತ್ರಿಕೆಯಲ್ಲಿ ಬಹಿರಂಗವಾಗಿ. ನೂರು ವರ್ಷಗಳಾಗುತ್ತ ಬಂತು. ನಾವು ಇನ್ನೂ ಅತೃಪ್ತರಾಗಿಯೇ ಇದ್ದೇವೆ, ತಿಂಗಳ ಕಂತು ಕಟ್ಟುತ್ತ.

ಇಲ್ಲಿ ನಮ್ಮ ಇಂಜಿನಿಯರು ಮಿತ್ರರು ಎದ್ದು ನಿಲ್ಲುತ್ತಾರೆ. "ಸ್ವಾಮಿ, ಇಳಿಜಾರು ಬೆನ್ನು ಬರೇ ಸೌಂದರ್ಯಕ್ಕಲ್ಲ. ಗಾಳಿಯ ತಡೆ ಕಡಿಮೆಯಾಗುತ್ತದೆ, ಎಣ್ಣೆ ಉಳಿಯುತ್ತದೆ. ಇದು ವಿಜ್ಞಾನ." ವಿಜ್ಞಾನವೆಂದ ಮೇಲೆ ಬಿ.ಎಸ್ಸಿ. ಆದವನು ಸುಮ್ಮನಿರಲಾದೀತೆ? ಲೆಕ್ಕ ನೋಡೋಣ. ಗಾಳಿಯನ್ನು ಕಾರು ಎಷ್ಟು ನುಣುಪಾಗಿ ಸೀಳುತ್ತದೆಂಬುದಕ್ಕೆ ಒಂದು ಅಂಕಿಯಿದೆ, ಕಡಿಮೆಯಾದಷ್ಟೂ ಒಳ್ಳೆಯದು. ಕಂಪೆನಿಯವರೇ ಕೊಟ್ಟ ಅಂಕಿಯಂತೆ ಕೊನೆಯ ತಲೆಮಾರಿನ ಸಿ.ಎಲ್.ಎಸ್.ಗೆ ಅದು 0.26. ಅದೇ ಕಾಲದ, ಅದೇ ಮನೆಯ, ನೆಟ್ಟಗೆ ಸೂರಿರುವ ಇ-ಕ್ಲಾಸ್ ಸೆಡಾನಿಗೆ? ಒಳ್ಳೆಯ ಮಾದರಿಯಲ್ಲಿ 0.23. ತಲೆ ಬಗ್ಗಿಸಿದ ತಮ್ಮನಿಗಿಂತ ನೆಟ್ಟಗೆ ನಿಂತ ಅಣ್ಣನೇ ಗಾಳಿಯಲ್ಲಿ ಸಲೀಸಾಗಿ ಹೋಗುತ್ತಾನೆ! ಇನ್ನು ವಿಜ್ಞಾನದ ಮಾತೇಕೆ?

ಆದರೂ ವಾದಕ್ಕಾಗಿ ಬಿಟ್ಟುಕೊಡೋಣ. ಸಾಧಾರಣ ಕಾರಿನ ಅಂಕಿ 0.30, ಕೂಪೆಯದು 0.26 ಎಂದೇ ಇಟ್ಟುಕೊಳ್ಳಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಮುಂದಿನಿಂದ ಕಾಣುವ ವಿಸ್ತಾರ 2.2 ಚದರ ಮೀಟರು ಎಂದು ಹಿಡಿದರೆ, ನೂರು ಕಿಲೋಮೀಟರು ವೇಗದಲ್ಲಿ ಉಳಿಯುವುದು ಸುಮಾರು 41 ನ್ಯೂಟನ್, ಎಂದರೆ ನಾಲ್ಕು ಕಿಲೋ ತೂಕದಷ್ಟು ಎಳೆತ. ಹೆದ್ದಾರಿಯಲ್ಲಿ ಅದು ಲೆಕ್ಕಕ್ಕೆ ಬರುವ ಉಳಿತಾಯವೇ. ಆದರೆ ಮುಂಬಯಿಯ ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರು ವೇಗದಲ್ಲಿ? ಒಂದೂವರೆ ನ್ಯೂಟನ್‌ಗಿಂತ ತುಸು ಹೆಚ್ಚು. ಒಂದು ಸಣ್ಣ ಮೂಸಂಬಿಯ ತೂಕ. ಅದೇ ವೇಗದಲ್ಲಿ ಹದಿನೆಂಟು ನೂರು ಕಿಲೋ ತೂಕದ ಆ ಕಾರನ್ನು ಉರುಳಿಸಲು ಟಯರುಗಳೇ ಸುಮಾರು 176 ನ್ಯೂಟನ್ ಕೇಳುತ್ತವೆ. ಒಂದು ಮೂಸಂಬಿಯಷ್ಟು ಎಳೆತ ಉಳಿಸುವುದಕ್ಕೆ ಹೆತ್ತ ತಾಯಿಯನ್ನು ಕುತ್ತಿಗೆ ಬಗ್ಗಿಸಿ ಕೂರಿಸುವುದು ಯಾವ ಉಳಿತಾಯ?

ತಾಯಿಯ ಮಾತು ಸುಮ್ಮನೆ ಬಾಯಿಗೆ ಬಂದದ್ದಲ್ಲ. ಹೋದ ವರ್ಷ ನಮ್ಮ ಅವ್ವ ಹುಬ್ಬಳ್ಳಿಯ ಗಾಡಿಯಿಂದ ದಾದರಿನಲ್ಲಿ ಇಳಿದಳು. ವಯಸ್ಸು ಎಪ್ಪತ್ತೆಂಟು, ಮೊಣಕಾಲು ಬಗ್ಗುವುದಿಲ್ಲ. ನಮ್ಮ ಅಕ್ಕನ ಮಗ ಪ್ರೀತಿಯಿಂದಲೇ ತನ್ನ ಕಾರು ತಂದಿದ್ದ. ನಾಲ್ಕು ಬಾಗಿಲಿನ ಕೂಪೆ, ಸೆಕೆಂಡ್ ಹ್ಯಾಂಡು. ಯಾವ ಕಂಪೆನಿಯದೆಂಬುದು ಇಲ್ಲಿ ಬೇಡ. ಹಿಂದಿನ ಬಾಗಿಲು ತೆರೆದರೆ ಮೇಲಿನ ಅಂಚು ಬಿಲ್ಲಿನಂತೆ ಕೆಳಗಿಳಿದಿದೆ, ಸೀಟು ನೆಲಕ್ಕೆ ಹತ್ತಿರವಿದೆ. ಮೊದಲು ತಲೆ ಹಾಕಿದರೆ ಕಾಲು ಬರುವುದಿಲ್ಲ, ಮೊದಲು ಕಾಲು ಹಾಕಿದರೆ ತಲೆ ಹೋಗುವುದಿಲ್ಲ. ಮೂರನೆಯ ಯತ್ನಕ್ಕೆ ಅವಳ ಹಣೆ ಬಾಗಿಲ ಅಂಚಿಗೆ ಬಡಿಯಿತು. ಹಿಂದೆ ಟ್ಯಾಕ್ಸಿಗಳು ಹಾರನ್ನು ಹೊಡೆಯುತ್ತಿದ್ದುವು. ಒಳಗೆ ಕೂತ ಮೇಲೆ ಅವ್ವ ಸೆರಗಿನಿಂದ ಹಣೆ ಒತ್ತಿಕೊಳ್ಳುತ್ತ ಒಂದೇ ಮಾತು ಕೇಳಿದಳು: "ಏನಪಾ ಇದು, ಗಾಡಿಯೋ ಗವಿಯೋ?"

ಹುಡುಗ ನೊಂದುಕೊಂಡ. ಆದರೆ ನೊಂದುಕೊಂಡದ್ದು ಬೇರೆ ಕಾರಣಕ್ಕೆ ಎಂದು ಎಂಟು ದಿನದ ಮೇಲೆ ತಿಳಿಯಿತು. "ಮಾಮಾ, ನನ್ನ ಗಾಡಿದು ಹಳೇ ಮಾರಿ ಆತು. ಈಗ ಹೊಸ ಮಾರಿ ಬಂದೈತಿ. ಇದನ್ನ ಮಾರಿ ಅದನ್ನ ತಗೋಬೇಕು ಅಂತ ಮಾಡೀನಿ" ಎಂದ. ನಮ್ಮ ಧಾರವಾಡದ ಕಡೆ ಮುಖಕ್ಕೆ ಮಾರಿ ಎನ್ನುತ್ತಾರೆ; ಊರ ಹೊರಗೆ ಕೂತು ಬಲಿ ಕೇಳುವ ದೇವತೆಗೂ ಅದೇ ಹೆಸರು. ಬಲಿ ಎಷ್ಟು ಎಂದು ಕೇಳಿದೆ. ಏಳು ವರ್ಷದ ಕಂತು. ಹೊಸದರಲ್ಲಿ ಏನು ಹೆಚ್ಚು? ಪಟ್ಟಿ ಓದಿದ: ಒಳಗೆ ಅರವತ್ತನಾಲ್ಕು ಬಣ್ಣದ ಬೆಳಕು, ಫೋನನ್ನು ತಂತಿಯಿಲ್ಲದೆ ಚಾರ್ಜು ಮಾಡುವ ತಟ್ಟೆ, ದೊಡ್ಡ ಪರದೆ, ಹೊಸ ಚಕ್ರ. ಹಿಂದಿನ ಬಾಗಿಲು ದೊಡ್ಡದಾಗಿದೆಯೆ? "ಅದು ಹಾಂಗ ಇರ್ತದ ಮಾಮಾ, ಡಿಸೈನ್ ಅದು." ನಾನು ಮುಂದೆ ಕೇಳಲಿಲ್ಲ. ಅವನು ಇನ್ನೂ ತೀರ್ಮಾನ ಮಾಡಿಲ್ಲ. ಈ ಲೇಖನವನ್ನು ಅವನೂ ಓದುತ್ತಾನೆಂದು ಬಲ್ಲೆ.

ಆ ದೊಡ್ಡ ಪರದೆಯ ಬಗ್ಗೆಯೂ ಒಂದು ಮಾತು. ಗುಂಡಿಗಳನ್ನು ಒಂದೊಂದಾಗಿ ಕಿತ್ತು ಎಲ್ಲವನ್ನೂ ಗಾಜಿನ ಮೇಲಿಟ್ಟು ಅದಕ್ಕೆ ಪ್ರಗತಿಯೆಂದು ಹೆಸರಿಟ್ಟರು. ಗುಂಡಿಯನ್ನು ಕಣ್ಣಿಲ್ಲದೆ ಬೆರಳೇ ಹುಡುಕಿಕೊಳ್ಳುತ್ತದೆ. ಗಾಜನ್ನು ನೋಡಲು ರಸ್ತೆಯಿಂದ ಕಣ್ಣು ತೆಗೆಯಬೇಕು. ಯುರೋಪಿನಲ್ಲಿ ಕಾರುಗಳನ್ನು ಗುದ್ದಿಸಿ ಅಂಕ ಕೊಡುವ ಯುರೋ ಎನ್‌ಕ್ಯಾಪ್ ಸಂಸ್ಥೆಗೂ ಇದು ಸಾಕೆನಿಸಿತು. ಹಾರನ್ನು, ತಿರುವಿನ ದೀಪ, ಅಪಾಯದ ದೀಪ, ವೈಪರು, ತುರ್ತು ಕರೆ, ಇವಕ್ಕೆ ಕೈಗೆ ಸಿಗುವ ಗುಂಡಿಯೋ ಕಡ್ಡಿಯೋ ಇಲ್ಲದಿದ್ದರೆ ಪೂರ್ಣ ಅಂಕವಿಲ್ಲವೆಂದು 2026ರ ನಿಯಮದಲ್ಲಿ ಬರೆದಿದ್ದಾರೆ. ಇನ್ನು ಕೆಲವು ವರ್ಷ ತಾಳಿ, 'ಹೊಸ ಮುಖ, ಈಗ ಗುಂಡಿಗಳೊಂದಿಗೆ' ಎಂಬ ಜಾಹೀರಾತು ಬಂದು ಅದಕ್ಕೂ ಒಂದು ಲಕ್ಷ ಕೇಳದಿದ್ದರೆ ನನ್ನನ್ನು ಕೇಳಿ.

"ಇದೆಲ್ಲ ಸಾಹುಕಾರರ ಕಥೆ, ನಮಗೇನು?" ಎನ್ನುವ ಕಾಲ ಮುಗಿಯಿತು. ಸಿ.ಎಲ್.ಎಸ್. ತಯಾರಿಕೆ 2023ರಲ್ಲಿ ನಿಂತುಹೋಯಿತು. ಅದರ ಜಾಗಕ್ಕೆ ನೇರ ವಾರಸುದಾರ ಬರಲಿಲ್ಲ. ಜನ ಎತ್ತರದ ಎಸ್.ಯು.ವಿ. ಹಿಂದೆ ಬಿದ್ದರು. ಹಿಂದಿನ ಸೀಟಿನವರಿಗೆ ಸದ್ಯ ಮೋಕ್ಷವಾಯಿತೆಂದು ನಾನು ತಿಳಿದೆ. ಆದರೆ ಕತ್ತರಿ ಹಿಡಿದವರು ಸುಮ್ಮನಿರುತ್ತಾರೆಯೆ? ಆ ಎಸ್.ಯು.ವಿ.ಯ ಬೆನ್ನನ್ನೂ ಕತ್ತರಿಸಿ 'ಕೂಪೆ ಎಸ್.ಯು.ವಿ.' ಎಂದರು. 2024ರ ಆಗಸ್ಟಿನಲ್ಲಿ ನಮ್ಮ ದೇಶದಲ್ಲಿ ಟಾಟಾದವರ ಕರ್ವ್, ಸಿಟ್ರೊಯೆನ್‌ನವರ ಬಸಾಲ್ಟ್ ಒಂದೇ ವಾರದೊಳಗೆ ಬಂದುವು. ನವೆಂಬರಿನಲ್ಲಿ ಮಹೀಂದ್ರದವರೂ ಬಂದರು. ಮುಕ್ಕಾಲು ಕೋಟಿಯ ಷೋಕಿ ಈಗ ಬ್ಯಾಂಕಿನ ಗುಮಾಸ್ತನ, ಶಾಲೆಯ ಮಾಸ್ತರರ ಕಂತಿನೊಳಗೆ ಬಂದು ನಿಂತಿದೆ. ಎಲ್ಲವೂ ಒಂದೇ ಎಂದು ನಾನು ಹೇಳುವುದಿಲ್ಲ. ಬಸಾಲ್ಟ್‌ನ ಮೇಲ್ದರ್ಜೆಯ ಮಾದರಿಯಲ್ಲಿ ಹಿಂದಿನ ಸೀಟಿನವರ ತೊಡೆಗೆ ಆಸರೆಯನ್ನು ಏರಿಸಿ ಇಳಿಸಿಕೊಳ್ಳುವ ಏರ್ಪಾಡಿದೆ. ಹಿಂದೆ ಕೂತವನಿಗೂ ಮೈಕೈ ಇದೆಯೆಂದು ಯಾರೋ ಒಬ್ಬ ಪುಣ್ಯಾತ್ಮನಿಗೆ ನೆನಪಾಯಿತಲ್ಲ! ಸೂರು ಇಳಿಜಾರಾದ ಮೇಲೆ ಉಳಿದದ್ದನ್ನು ಹೇಗೆ ಸರಿತೂಗಿಸುವುದೆಂದು ಯೋಚಿಸಿದವರಿಗೂ, ಯೋಚಿಸದವರಿಗೂ ವ್ಯತ್ಯಾಸವಿದೆ.

ಮುಂಬಯಿ, ಪುಣೆ, ದಿಲ್ಲಿಯ ನಮ್ಮ ಜನಕ್ಕೆ ಇದು ಹೆಚ್ಚು ತಟ್ಟುವ ಮಾತು. ಅಮೆರಿಕದಲ್ಲಿ ಕಾರಿನಲ್ಲಿ ಒಬ್ಬನೇ ಹೋಗುತ್ತಾನೆ, ಹಿಂದಿನ ಸೀಟಿನಲ್ಲಿ ಅವನ ಕೋಟು ಕೂರುತ್ತದೆ. ನಮ್ಮಲ್ಲಿ ಕಾರು ಕೊಳ್ಳುವುದೇ ಊರಿಂದ ಬಂದ ಅಪ್ಪ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಲು, ಬೀಗರನ್ನು ಠಾಣೆಯಿಂದ ಕರೆತರಲು, ಸಂಘದ ಯಕ್ಷಗಾನಕ್ಕೆ ಮನೆಮಂದಿ ಒಟ್ಟಿಗೆ ಹೋಗಲು. ಡ್ರೈವರನ್ನು ಇಟ್ಟುಕೊಂಡ ಸ್ಥಿತಿವಂತರಂತೂ ಹಣ ಕೊಟ್ಟು ಕೊಂಡ ಕಾರಿನ ಒಳ್ಳೆಯ ಜಾಗವನ್ನು ಡ್ರೈವರಿಗೆ ಬಿಟ್ಟು ತಾವು ಕೂಪದಲ್ಲಿ ಕೂರುತ್ತಾರೆ. ಬಾವಿಯ ಕಪ್ಪೆಗಾದರೂ ತಲೆಯ ಮೇಲೆ ಒಂದು ತುಂಡು ಆಕಾಶ ಕಾಣುತ್ತದೆ.

ಬುದ್ಧಿಯ ಬಡತನವೇ? ಅದೂ ಅಲ್ಲ. ಇದೇ ಮರ್ಸಿಡಿಸ್ ಕಂಪೆನಿಯ ಸಂಶೋಧನಾ ಕೇಂದ್ರ 1996ರಿಂದ ಬೆಂಗಳೂರಿನಲ್ಲಿದೆ. ಪುಣೆಯ ಚಾಕಣದಲ್ಲಿ ಕಾರ್ಖಾನೆಯಿದೆ. ಹಿಂದಿನ ಸೀಟಿನಲ್ಲಿ ಕೂರುವವರು ಯಾರೆಂಬುದನ್ನು ಬಲ್ಲ ಕನ್ನಡದ ಹುಡುಗರು ಅಂಥ ಕಡೆಗಳಲ್ಲಿ ಬೇಕಾದಷ್ಟು ಇದ್ದಾರು. ಅವರನ್ನು ಯಾರೂ ಕೇಳುವುದಿಲ್ಲ, ಏಕೆಂದರೆ ನಾವು ಕೇಳುವುದಿಲ್ಲ. ಅಂಗಡಿಗೆ ಹೋದವರು ಮುಂದಿನ ಬಾಗಿಲು ತೆರೆದು ಚಕ್ರ ಹಿಡಿದು ಫೋಟೋ ತೆಗೆಸಿಕೊಂಡು ಬರುತ್ತೇವೆ.

ಕಾರಿನ ಕಂಪೆನಿಗಳು ಕೊಡುವ ಕೈಹೊತ್ತಗೆಗಳನ್ನು ನಾನು ಕಚೇರಿಯ ಕಾಗದ ಓದುವ ಶ್ರದ್ಧೆಯಿಂದ ಓದಿದ್ದೇನೆ. ಉದ್ದ ಇಷ್ಟು ಮಿಲಿಮೀಟರು, ಅಗಲ ಇಷ್ಟು, ಚಕ್ರದ ನಡುವಿನ ಅಂತರ ಇಷ್ಟು ಎಂದಿರುತ್ತದೆ. ಡಿಕ್ಕಿಯಲ್ಲಿ ಸಾಮಾನಿಗೆ ಇಷ್ಟು ಲೀಟರು ಜಾಗ ಎಂದಿರುತ್ತದೆ. ಹಿಂದಿನ ಸೀಟಿನಿಂದ ಸೂರಿಗೆ ಎಷ್ಟು, ಹಿಂದಿನ ಬಾಗಿಲ ಬಾಯಿ ಎಷ್ಟು ಎತ್ತರ ಎಂಬುದು ನಾನು ಓದಿದ ಒಂದರಲ್ಲಿಯೂ ಇರಲಿಲ್ಲ. ಸೂಟ್‌ಕೇಸಿಗಿರುವ ಮರ್ಯಾದೆ ಅತ್ತೆ-ಮಾವಂದಿರಿಗಿಲ್ಲ. ಈ ಎರಡು ಅಂಕಿಗಳನ್ನು ಪ್ರತಿ ಕಾರಿನ ಪಟ್ಟಿಯಲ್ಲಿಯೂ ಅಚ್ಚು ಹಾಕಲೇಬೇಕೆಂದು ಕಾನೂನು ಮಾಡಬೇಕು. 2023ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಎಂದು ನಮ್ಮಲ್ಲಿಯೂ ಗುದ್ದಿಸಿ ಅಂಕ ಕೊಡುವ ಪದ್ಧತಿ ಆರಂಭವಾಗಿದೆಯಷ್ಟೆ. ಅಷ್ಟು ಮಾಡಬಲ್ಲ ಸರಕಾರಕ್ಕೆ ಅಳತೆಯ ಟೇಪು ಹಿಡಿಸುವುದು ಕಷ್ಟವಲ್ಲ. ನಾನು ಸರಕಾರಿ ನೌಕರ, ಸರಕಾರಕ್ಕೆ ಬುದ್ಧಿ ಹೇಳಬಾರದು. ಆದರೆ ಪ್ರಯಾಣಿಕನಾಗಿ ಕೇಳಬಹುದು.

ಕಾನೂನು ಬರುವ ತನಕ ಕೊಳ್ಳುವವರು ತಾವೇ ಅಳೆಯಲಿ. ದರ್ಜಿಯ ಟೇಪು ಸಾಕು. ಮನೆಯಲ್ಲಿ ಹಿರಿಯರನ್ನು ಗಟ್ಟಿ ಕುರ್ಚಿಯ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂರಿಸಿ, ಕುರ್ಚಿಯ ಹಲಗೆಯಿಂದ ನೆತ್ತಿಯವರೆಗೆ ಅಳತೆ ತೆಗೆದುಕೊಳ್ಳಿ. ಅದಕ್ಕೆ ನಾಲ್ಕು ಬೆರಳು ಸೇರಿಸಿ ಬರೆದಿಟ್ಟುಕೊಳ್ಳಿ. ಅಂಗಡಿಯಲ್ಲಿ ಹಿಂದಿನ ಸೀಟನ್ನು ಕೈಯಿಂದ ಒತ್ತಿಹಿಡಿದು ಅಲ್ಲಿಂದ ಸೂರಿಗೆ ಅಳೆಯಿರಿ. ಸೂರಿನ ನಡುಮಧ್ಯದಲ್ಲಲ್ಲ, ತಲೆ ಬರುವ ಜಾಗದಲ್ಲಿ, ಬಾಗಿಲ ಕಡೆಗೆ ಸ್ವಲ್ಪ ಓರೆಯಾಗಿ. ಅಲ್ಲಿಯೇ ಕತ್ತರಿ ಆಡಿರುತ್ತದೆ. ಅಂಗಡಿಯ ಹುಡುಗ ನಗುತ್ತಾನೆ, ಪರದೆಯ ಬಣ್ಣ ತೋರಿಸಲು ಬರುತ್ತಾನೆ. ಅವನನ್ನೇ ಹಿಂದಿನ ಸೀಟಿನಲ್ಲಿ ಕೂರಿಸಿ ಅಳೆಯಬಹುದು, ಸಾಮಾನ್ಯವಾಗಿ ಎತ್ತರದ ಹುಡುಗರನ್ನೇ ಆ ಕೆಲಸಕ್ಕೆ ಇಟ್ಟಿರುತ್ತಾರೆ.